ಭಾಗ್ಯ ಮಿಸ್ ಪಾನಕಕ್ಕೆ ಕಾಂತಮ್ಮನ ಮೂಗು

ನಮ್ಮ ಅರಸೀಕೆರೇಲಿ ಲವಂಗದ ಜೊತೆ ಮಾತಾಡೋರು ಯಾರಾದ್ರೂ ಇದ್ರೆ ಅದು ನಮ್ಮ ಭಾಗ್ಯ ಮಿಸ್ ಒಬ್ರೇ. ತಮಾಷೆ ಅಲ್ಲ, ನಿಜವಾಗ್ಲೂ. ಒಂದು ಲವಂಗ ಎತ್ಕೊಂಡು, ಅದರ ಮೊಗ್ಗನ್ನ ಉಗುರಲ್ಲಿ ಒತ್ತಿ, "ಏನಪ್ಪಾ, ಎಣ್ಣೆ ಇದೆಯಾ, ಇಲ್ಲ ಯಾರಾದ್ರೂ ಹಿಂಡ್ಕೊಂಡು ಕಳಿಸಿದಾರಾ ನಿನ್ನ?" ಅಂತ ಕೇಳ್ತಾರೆ. ಎಣ್ಣೆ ಉಗುರಿಗೆ ಹತ್ತಿದ್ರೆ ಡಬ್ಬಿಗೆ. ಇಲ್ಲಾಂದ್ರೆ "ಹೋಗ್ ಹೋಗು" ಅಂತ ಗುಲಾಬಿ ಗಿಡದ ಬುಡಕ್ಕೆ.

ನಾನು ಅವ್ರ ಸ್ಟೂಡೆಂಟು, ಜೊತೆಗೆ ಪಕ್ಕದ್ಮನೆ ಹುಡುಗಿ. ಹಂಗಾಗಿ ಸ್ಕೂಲಲ್ಲೂ ಅವ್ರೇ, ಕಾಂಪೌಂಡ್ ಆಚೆನೂ ಅವ್ರೇ. ಸರ್ಕಾರಿ ಹೈಸ್ಕೂಲಲ್ಲಿ ನಮಗೆ ಬಯಾಲಜಿ ತಗೊಳ್ತಿದ್ರು. ಬೇರೆ ಮೇಷ್ಟ್ರುಗಳು ಚಾರ್ಟ್ ತರ್ತಿದ್ರು, ಮಿಸ್ ಡಬ್ಬಿ ತರ್ತಿದ್ರು. ಒಂದಿನ ಒಂದು ಕಂದು ಬಣ್ಣದ ಗಟ್ಟಿ ಕಾಯಿ ತಂದು ಲಾಸ್ಟ್ ಬೆಂಚ್ ಚನ್ನೇಶನ ಕಿವಿ ಹತ್ರ ಅಲ್ಲಾಡಿಸಿದ್ರು. ಒಳಗಡೆಯಿಂದ ಲೊಟ ಲೊಟ ಸದ್ದು.

"ಏನ್ ಕೇಳಿಸ್ತೋ?"

"ಒಳಗೆ ಯಾರೋ ಬಾಗ್ಲು ಬಡೀತಾವ್ರೆ ಮಿಸ್."

"ತೆಗಿ ಮತ್ತೆ, ಪಾಪ."

ಅವನು ಡಸ್ಟರಲ್ಲಿ ಹೊಡೆದು ಸಿಪ್ಪೆ ಒಡೆದ. ಒಳಗಿಂದ ಜಾಯಿಕಾಯಿ ಬಂತು. ಸಿಪ್ಪೆ ಒಳಗೆ ಸದ್ದು ಮಾಡಿದ್ರೆ ಚೆನ್ನಾಗಿ ಒಣಗಿದೆ ಅಂತ ಅರ್ಥ, ಅಂದ್ರು ಮಿಸ್. ಆಮೇಲೆ ಎಲ್ರಿಗೂ ಕಣ್ಣು ಮುಚ್ಚಿಸಿ, ಬೆಂಚಿಂದ ಬೆಂಚಿಗೆ ಅದನ್ನ ಮೂಸೋಕೆ ಕಳಿಸಿದ್ರು. ಪರೀಕ್ಷೆಗೆ ಬರದೇ ಇರೋ ಪಾಠ ನನಗೆ ಇವತ್ತಿಗೂ ನೆನಪಿರೋದು ಅದೊಂದೇ.

ಇದೆಲ್ಲ ಅವ್ರು ಕಲ್ತಿದ್ದು ಅಂಡಮಾನಲ್ಲಿ. ಮಿಸ್ ಹುಟ್ಟೂರು ಹಳೇಬೀಡು ಹತ್ರ ಹುಲಿಕೆರೆ. ಅವ್ರ ಅಪ್ಪನ ಕಾಲಕ್ಕೇ ಬೌದ್ಧರಾದ ಮನೆ, ಹಾಲ್‌ನಲ್ಲಿ ದೊಡ್ಡದೊಂದು ಬುದ್ಧನ ಫೋಟೋ ಇದೆ. ಯಜಮಾನ್ರು ದೇವರಾಜ್ ಅಂಕಲ್ ಲೈಟ್‌ಹೌಸ್ ಡಿಪಾರ್ಟ್‌ಮೆಂಟ್ ಕೆಲಸದಲ್ಲಿದ್ರು. ಮದುವೆ ಆದ ಹೊಸದ್ರಲ್ಲಿ ಪೋರ್ಟ್ ಬ್ಲೇರ್‌ಗೆ ಹಾಕಿದ್ರು. ಸಮುದ್ರಾನೇ ನೋಡದೆ ಇದ್ದ ಹುಡುಗಿ ಸೀದಾ ದ್ವೀಪದಲ್ಲಿ ಸಂಸಾರ ಹೂಡಿದ್ರು ನೋಡಿ! ಅಲ್ಲಿ ಪಕ್ಕದ್ಮನೇಲಿ ಸೆಲ್ವಿ ಅಂತ ಒಬ್ರು ತಮಿಳಿನೋರು. ಅವ್ರ ಹಿರಿಯರು ಲಂಕಾದಿಂದ ಬಂದೋರಂತೆ. ಅವ್ರ ಹಿತ್ತಿಲಲ್ಲಿ ನಮ್ಮ ಕಡೆ ಕರಿಬೇವು ಇರೋ ಹಂಗೆ ಲವಂಗ, ಚಕ್ಕೆ, ಜಾಯಿಕಾಯಿ ಗಿಡ.

ಮಿಸ್ ಮೊದಲ್ನೇ ಸಲ ಏನ್ ಮಾಡಿದ್ರು ಗೊತ್ತಾ? ಏಲಕ್ಕಿ ಹಾಕೋ ಹಂಗೆ ಅಂದ್ಕೊಂಡು ಒಂದು ಜಾಯಿಕಾಯಿ ಪೂರ್ತಿ ಪುಡಿ ಮಾಡಿ ಪಾಯಸಕ್ಕೆ ಸುರಿದ್ರಂತೆ. ಗಂಡ ಹೆಂಡ್ತಿ ಇಬ್ರೂ ತಲೆ ಸುತ್ತಿ ಬಿದ್ದು, ಸೆಲ್ವಿ ಬಂದು ಬಾಗಿಲು ಬಡಿದು, ಬೈದು, ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರಂತೆ. "ಜಾಯಿಕಾಯಿನ ಸಾಣೆಕಲ್ಲಿಗೆ ಒಂದ್ಸಲ ಮುಟ್ಟಿಸ್ಬೇಕು, ಅಷ್ಟೇ" ಅಂತ ಅವತ್ತಿಂದ ಪಾಠ ಶುರು. ಚಕ್ಕೇಲಿ ಎರಡು ಥರ, ಲಂಕಾದ್ದು ಪೇಪರ್ ಥರ ತೆಳ್ಳಗೆ, ಬೀಡಿ ಸುತ್ತಿದ ಹಂಗೆ ಸುರುಳಿ ಸುರುಳಿ, ಕೈಯಲ್ಲೇ ಪುಡಿ ಆಗುತ್ತೆ. ನಮ್ಮ ಅಂಗಡೀಲಿ ಸಿಗೋ ದಪ್ಪ ಚಕ್ಕೆ ಮರದ ತೊಗಟೆ ಥರ, ಮುರಿಯೋಕೆ ಕುಟ್ಟಾಣಿ ಬೇಕು. ಜಾಯಿಕಾಯಿ ಮೇಲೆ ಕೆಂಪಗೆ ಬಲೆ ಥರ ಹೊದ್ಕೊಂಡಿರೋದೇ ಜಾಪತ್ರೆ, ಒಣಗಿದ್ರೆ ಹಳದಿ ಆಗುತ್ತೆ. ಇಂಥವನ್ನೆಲ್ಲ ಮಿಸ್ ಮೂಗಲ್ಲೇ ಹೇಳೋರು. ಬೇಲೂರು ಕಡೆ ಗೆಂಡೆಹಳ್ಳಿಯಿಂದ ಯಾರೋ ಪಲಾವಿಗೆ ಹಾಕೋ ಸರ್ವಸುಗಂಧಿ ಎಲೆ ತಂದುಕೊಟ್ರೆ, ಕಣ್ಣು ಮುಚ್ಚಿ ಒಂದ್ಸಲ ಉಜ್ಜಿ ಮೂಸಿ, "ಇದು ಬೆಳಿಗ್ಗೆ ಕಿತ್ತಿದ್ದಲ್ಲ, ನಿನ್ನೇದು" ಅನ್ನೋರು. ತಂದೋರು ಹಲ್ಲು ಕಿರಿಯೋರು.

ಈ ಕಡೆ ವಾಪಸ್ ಬಂದು ಅರಸೀಕೆರೇಲಿ ಟೀಚರ್ ಆದ್ಮೇಲೆ ಪ್ರತಿ ಬುದ್ಧ ಪೂರ್ಣಿಮೆಗೆ ಗೇಟ್ ಮುಂದೆ ದೊಡ್ಡ ಮಡಕೆ ಇಟ್ಟು ಅರವಟ್ಟಿಗೆ ಥರ ಎಲ್ರಿಗೂ ಪಾನಕ ಕೊಡೋರು. ನಮ್ಮೂರ ಎಳನೀರು, ಬೆಲ್ಲ, ಶುಂಠಿ, ನಿಂಬೆಹಣ್ಣು. ಇಷ್ಟು ಎಲ್ಲಾರೂ ಹಾಕ್ತಾರೆ. ಮಿಸ್ದು ಬೇರೆ ಆಗೋದು ಎಲ್ಲಿ ಅಂದ್ರೆ, ಲಂಕಾ ಚಕ್ಕೆ, ಲವಂಗ, ಜಾಪತ್ರೆ, ಒಂಚೂರು ಜಾಯಿಕಾಯಿ ಇವನ್ನ ಕುದಿಸಲ್ಲ. ಬಿಳಿ ಬಟ್ಟೇಲಿ ಗಂಟು ಕಟ್ಟಿ, ಒಲೆಯಿಂದ ಇಳಿಸಿದ ಬಿಸಿನೀರಲ್ಲಿ ಬಿಟ್ಟು, ಮುಚ್ಚಿ, ಮೇಲೊಂದು ಟವೆಲ್ ಹೊದಿಸ್ತಾರೆ. "ಕುದಿಸಿದ್ರೆ ಘಮ ಎಲ್ಲ ಪಕ್ಕದ್ಮನೆಗೆ ಹೋಗುತ್ತೆ, ಪಾನಕಕ್ಕೆ ಏನೂ ಉಳಿಯಲ್ಲ" ಅಂತ. ಪಕ್ಕದ್ಮನೆ ಅಂದ್ರೆ ನಾವೇ. ನಮಗೇನೂ ಬೇಜಾರಿರಲಿಲ್ಲ.

ಟೆಂಪೋ ಡ್ರೈವರ್‌ಗಳು, ಹುಡುಗ್ರು, ಕೊಬ್ಬರಿ ಮಂಡಿ ಹಮಾಲಿಗಳು ಎಲ್ರೂ ನಿಂತು ಕುಡಿಯೋರು. ಮೇಲಿನ ಬೀದಿಯೋರೂ ಕುಡಿಯೋರು, ಆದ್ರೆ ಪೇಪರ್ ಕಪ್ಪಲ್ಲಿ, ಸ್ವಲ್ಪ ಆ ಕಡೆ ತಿರುಗಿ. ಮಿಸ್ ಅದನ್ನ ನೋಡಿದ್ರೂ ನೋಡದೇ ಇರೋ ಥರ ಇನ್ನೊಂದು ಕಪ್ ಹಾಕಿಕೊಡೋರು.

ಈ ವರ್ಷ ಜನವರೀಲಿ ಕೊಬ್ಬರಿ ವ್ಯಾಪಾರದ ದೇವೀರಪ್ಪನೋರು ಮಗಳು ಶಿಲ್ಪಾನ ಕರ್ಕೊಂಡು ಮಿಸ್ ಮನೆಗೆ ಬಂದ್ರು. ಮಠಕ್ಕೆ ನಡ್ಕೊಳೋ ದೊಡ್ಡ ಮನೆ ಅವ್ರದ್ದು. ಶಿಲ್ಪಾ ಕೂಡ ಮಿಸ್ ಸ್ಟೂಡೆಂಟೇ, ನನಗಿಂತ ಸೀನಿಯರ್. ಮೇ ತಿಂಗಳಲ್ಲಿ ಮದುವೆ ಅಂತ ಕಾರ್ಡ್ ಕೊಟ್ಟು, ದೇವೀರಪ್ಪನೋರು ಟವೆಲ್ಲಲ್ಲಿ ಕತ್ತು ಒರೆಸ್ಕೊಂಡು ಹೇಳಿದ್ರು.

"ಮೇಡಂ, ಈಗ ಮದ್ವೇಲೆಲ್ಲ ಬಂದೋರ್ಗೆ ವೆಲ್ಕಮ್ ಡ್ರಿಂಕ್ ಅಂತ ಕೊಡ್ತಾರಲ್ಲ, ಆರೆಂಜ್ ಕಲರ್ ನೀರು. ಇವ್ಳು ಅದು ಬ್ಯಾಡ ಅಂತ ಕೂತವ್ಳೆ. ನಮ್ ಮಿಸ್ ಪಾನಕಾನೇ ಆಗ್ಬೇಕಂತೆ."

"ಇಲ್ಲಾಂದ್ರೆ ನಾನು ಮಂಟಪಕ್ಕೇ ಬರಲ್ಲ ಮಿಸ್" ಅಂದ್ಳು ಶಿಲ್ಪಾ.

"ಹುಡುಗ ಯಾರು ಅಂತ ಕೂಡ ಇಷ್ಟು ಹಟ ಮಾಡ್ಲಿಲ್ಲ ಕಣ್ರೀ ಇವ್ಳು!"

ಮಿಸ್ ನಗ್ತಾ ಒಪ್ಕೊಂಡ್ರು. ಅವ್ರು ಹೋದ್ಮೇಲೆ ಸುಮಾರು ಹೊತ್ತು ಆ ಕಾರ್ಡನ್ನೇ ನೋಡ್ತಾ ಕೂತಿದ್ರು. ಗೇಟ್ ಮುಂದೆ ಪೇಪರ್ ಕಪ್ಪಲ್ಲಿ ಕೊಡೋದು ಬೇರೆ, ಆ ಮನೆ ಮದುವೇಲಿ ಮೊದಲ್ನೇ ಲೋಟ ಇವ್ರ ಕೈಯಿಂದ ಹೋಗೋದು ಬೇರೆ. ಅದನ್ನ ಮಿಸ್ ಮುಖ ಹೇಳ್ತಿತ್ತು.

ಫೆಬ್ರವರೀಲಿ ಮಿಸ್‌ಗೆ ಜ್ವರ ಬಂತು. ನಮ್ಮ ಬೀದೀಲಿ ಎಲ್ರಿಗೂ ಬಂದಿತ್ತು, ಎಲ್ರಿಗೂ ಹೋಯ್ತು, ಮಿಸ್‌ಗೂ ಹೋಯ್ತು. ಆಮೇಲೊಂದಿನ ಸಂಜೆ ನಾನು ಹೆಪ್ಪಿಗೆ ಮೊಸರು ಕೇಳೋಕೆ ಅವ್ರ ಮನೆಗೆ ಹೋದ್ರೆ, ಬಾಗಿಲಲ್ಲೇ ಸೀದ ವಾಸನೆ. ಒಲೆ ಮೇಲೆ ಹಾಲು ತಳ ಹತ್ತಿ ಕರ್ರಗಾಗಿದೆ. ಮಿಸ್ ಅಲ್ಲೇ, ಒಲೆಗೆ ಬೆನ್ನು ಹಾಕ್ಕೊಂಡು ಸೊಪ್ಪು ಬಿಡಿಸ್ತಾ ಇದಾರೆ!

"ಮಿಸ್, ಹಾಲು!"

ತಿರುಗಿ ನೋಡಿ ಒಲೆ ಆರಿಸಿದ್ರು. ಆಮೇಲೆ ಆ ಪಾತ್ರೆನ ಮೂಗಿನ ಹತ್ರ ತಂದು ಜೋರಾಗಿ ಉಸಿರು ಎಳ್ಕೊಂಡ್ರು. ಕೆಳಗಿಟ್ರು. ಡಬ್ಬಿ ತೆಗೆದು ಲವಂಗ ಮೂಸಿದ್ರು. ಜಾಪತ್ರೆ ಮೂಸಿದ್ರು. ನನ್ನ ಕಡೆ ನೋಡಿ, "ಏನೂ ಬರ್ತಿಲ್ಲ ಕಣೇ ಹೇಮಾ. ಜ್ವರ ಹೋದಾಗಿಂದ ಹಿಂಗೇನೆ. ಇವತ್ತು ಸರಿ ಆಗುತ್ತೆ, ನಾಳೆ ಸರಿ ಆಗುತ್ತೆ ಅಂತ ಇದೀನಿ" ಅಂದ್ರು.

ಡಾಕ್ಟ್ರು ಬರುತ್ತೆ, ಕಾಯ್ಬೇಕು ಅಂದ್ರಂತೆ. ಎಷ್ಟು ದಿನ ಅಂತ ಅವ್ರಿಗೂ ಗೊತ್ತಿಲ್ಲ. ದೇವರಾಜ್ ಅಂಕಲ್ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ "ಯಾವುದು ಹೇಳು, ಮಲ್ಲಿಗೇನಾ ಗಂಧಾನಾ?" ಅಂತ ಟೆಸ್ಟ್ ಮಾಡೋರು. ಮಿಸ್ ಪೊಟ್ಟಣದ ಚಿತ್ರ ನೋಡಿ ಹೇಳಿಬಿಡೋರು. ಮಾರ್ಚ್ ಹೋಯ್ತು, ಏಪ್ರಿಲ್ ಬಂತು, ಮೂಗು ಬರ್ಲಿಲ್ಲ.

"ಆಗಲ್ಲ ಅಂತ ಹೇಳ್ಬಿಡು ಭಾಗ್ಯ. ಹುಷಾರಿಲ್ಲ ಅಂದ್ರೆ ಯಾರೂ ಏನೂ ಅಂದ್ಕೊಳಲ್ಲ" ಅಂದ್ರು ಅಂಕಲ್.

"ಅಂದ್ಕೊಳಲ್ಲ ರೀ. ಅದೇ ನಂಗೆ ಬೇಜಾರು. ಸದ್ಯ, ಇವ್ಳ ಕೈಯಿಂದ ಕುಡಿಯೋದು ತಪ್ತು ಅಂತ ಎಷ್ಟು ಜನಕ್ಕೆ ನಿರಾಳ ಆಗುತ್ತೆ ನಿಮಗೆ ಗೊತ್ತಲ್ವಾ?"

"ಮತ್ತೆ ಮಾಡಿ ಕೆಟ್ಟೋದ್ರೆ?"

"ಅಡುಗೆ ಭಟ್ರ ಸಾರು ಕೆಟ್ರೆ ಸಾರು ಕೆಟ್ಟಿದೆ ಅಂತಾರೆ. ನಮ್ಮನೆ ಪಾನಕ ಕೆಟ್ರೆ ಬರೀ ಪಾನಕ ಅನ್ನಲ್ಲ."

ಅಂಕಲ್ ಎದ್ದು ಹೋಗಿ ಊದುಬತ್ತಿ ಆರಿಸಿದ್ರು.

ಬೇರೆ ಯಾರೇ ಆಗಿದ್ರೂ ಅಲ್ಲಿಗೆ ಕೈ ಬಿಡೋರು. ಮಿಸ್ ಏನ್ ಮಾಡಿದ್ರು ಅಂದ್ರೆ, ಮೂಗು ಇಲ್ಲದೇನೆ ಎಲ್ಲಾನೂ ಹೊಸದಾಗಿ ಗುರುತು ಹಿಡಿಯೋದು ಕಲಿಯೋಕೆ ಕೂತ್ರು! ಲವಂಗನ ನೀರಿಗೆ ಹಾಕೋರು. ಎಣ್ಣೆ ತುಂಬಿರೋದು ಮುಳುಗುತ್ತೆ, ಇಲ್ಲ ನೆಟ್ಟಗೆ ನಿಲ್ಲುತ್ತೆ. ಎಣ್ಣೆ ತೆಗೆದು ಮಾರೋ ಕಳ್ಳಮಾಲು ಅಡ್ಡಡ್ಡ ತೇಲುತ್ತೆ. ಚಕ್ಕೆನ ಕಿವಿ ಹತ್ರ ಮುರಿದು ಸದ್ದು ಕೇಳೋರು. ಜಾಯಿಕಾಯಿನ ಕೈಯಲ್ಲಿ ತೂಗಿ, ಹಗುರ ಇದ್ರೆ ಹುಳ ತಿಂದಿದೆ ಅನ್ನೋರು. ಮೂಗು ಹೋದ್ರೂ ನಾಲಿಗೆಗೆ ಸಿಹಿ, ಹುಳಿ, ಖಾರ ಗೊತ್ತಾಗ್ತಿತ್ತು. ಲವಂಗ ಜಾಸ್ತಿ ಆದ್ರೆ ನಾಲಿಗೆ ಜೋಮು ಹಿಡಿಯೋದೂ ಗೊತ್ತಾಗ್ತಿತ್ತು. ಆದ್ರೆ ಜಾಪತ್ರೆ ಮಾತ್ರ ಕೈಗೆ ಸಿಗ್ತಿರಲಿಲ್ಲ. ಅದಕ್ಕಿರೋದೆಲ್ಲ ಘಮಾನೇ. ಘಮ ಇಲ್ಲದ ಮೇಲೆ ಅದು ಬರೀ ಒಣ ಸಿಪ್ಪೆ.

ಅಷ್ಟರಲ್ಲಿ ಕಾಂತಮ್ಮನೋರು ಬಂದ್ರು. ಇವ್ರು ದೇವೀರಪ್ಪನೋರ ಅಕ್ಕ, ಹಾರನಹಳ್ಳಿಯೋರು. ಬಾಯಿ ತುಂಬ ಎಲೆಅಡಿಕೆ, ಸೊಂಟದಲ್ಲಿ ಸುಣ್ಣದ ಡಬ್ಬಿ, ಹಣೆ ಮೇಲೆ ಅಡ್ಡಕ್ಕೆ ವಿಭೂತಿ. ಟೆಂಪೋ ಇಳಿದು ಗೇಟ್ ತೆಗೆದು, ಒಳಗೆ ಬನ್ನಿ ಅಂದ್ರೆ ಬರದೆ, ಅಂಗಳದಲ್ಲೇ ಪ್ಲಾಸ್ಟಿಕ್ ಕುರ್ಚಿ ಎಳ್ಕೊಂಡು ಕೂತ್ರು. ನೀರು ಕೊಟ್ರೆ "ತಂದಿವ್ನಿ" ಅಂತ ಬ್ಯಾಗಿಂದ ಅವ್ರದೇ ಬಾಟ್ಲು ತೆಗೆದ್ರು.

"ಏನಮ್ಮ ಟೀಚ್ರಮ್ಮ, ನಮ್ಮ ದೇವೀರ ಮಗಳು ಕುಣಿಸ್ದಂಗೆ ಕುಣೀತಾನೆ. ನಾನು ಹಂಗಲ್ಲ. ಮದ್ವೆ ಮನೆಗೆ ಏನ್ ಬತ್ತದೆ, ಎಂಗ್ ಬತ್ತದೆ ನೋಡ್ಬೇಕು."

"ನೋಡಿ ಕಾಂತಮ್ಮನೋರೆ, ಅದಕ್ಕೇನಂತೆ" ಅಂತ ಮಿಸ್ ತಟ್ಟೆ ತಂದು ಮುಂದಿಟ್ರು. ಹಿಂದಿನ ದಿನ ದೇವೀರಪ್ಪನೋರು ಎಲ್ಲಿಂದಲೋ ತರಿಸಿ ಕಳಿಸಿದ್ದ ಮಾಲು ಅದು. ಚಕ್ಕೆ, ಲವಂಗ, ಜಾಯಿಕಾಯಿ, ಒಂದು ರಾಶಿ ಜಾಪತ್ರೆ.

ಕಾಂತಮ್ಮನೋರು ಆಗ ತಾನೆ ಎಲೆಗೆ ಸುಣ್ಣ ಸವರಿದ್ರು. ಅದೇ ಹೆಬ್ಬೆಟ್ಟಲ್ಲಿ ಜಾಪತ್ರೆ ಎಸಳೊಂದನ್ನ ಎತ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ರು. ನೋಡ್ತಾ ನೋಡ್ತಾ ಸುಣ್ಣ ಹತ್ತಿದ ಜಾಗ ಕೆಂಪಗೆ ರಕ್ತ ಬಂದ ಹಂಗೆ ಆಗೋಯ್ತು.

"ಶಿವ ಶಿವಾ! ಇದೇನೇ ತಾಯಿ ಇದು, ಕುಯ್ಕೊಂಡೆನಾ?" ಅಂತ ಬೆರಳು ಹಿಡ್ಕೊಂಡು ನೋಡಿದ್ರು. ಗಾಯ ಏನೂ ಇಲ್ಲ.

ಮಿಸ್ ಆ ಎಸಳು ಕಿತ್ಕೊಂಡು ಬೆಳಕಿಗೆ ಹಿಡಿದ್ರು. ಡಬ್ಬೀಲಿ ಉಳಿದಿದ್ದ ಸೆಲ್ವಿ ಕಳಿಸಿದ ಹಳೇ ಜಾಪತ್ರೆ ಒಂದೇ ಒಂದು ಎಸಳು ತಂದು, "ಇದಕ್ಕೂ ಒಂಚೂರು ಸುಣ್ಣ ಹಚ್ಚಿ" ಅಂದ್ರು. ಹಚ್ಚಿದ್ರು. ಕಾದ್ರು. ಅದು ಕೆಂಪಾಗ್ಲೇ ಇಲ್ಲ.

"ರಾಂಪತ್ರೆ!" ಅಂತ ಕೂಗಿದ್ರು ಮಿಸ್, ಥೇಟ್ ಕ್ಲಾಸಲ್ಲಿ ಕೂಗೋ ಹಂಗೆ. ರಾಂಪತ್ರೆ ನಮ್ಮ ಘಟ್ಟದ ಕಾಡಲ್ಲೇ ಆಗುತ್ತಂತೆ, ನೋಡೋಕೆ ಜಾಪತ್ರೆ ಥರಾನೇ, ಆದ್ರೆ ಘಮ ಇರಲ್ಲ. ಜಾಪತ್ರೆ ಜೊತೆ ಬೆರೆಸಿ ಮಾರಿಬಿಡ್ತಾರಂತೆ. ಮಿಸ್ ಅಲ್ಲೇ ನೆಲದ ಮೇಲೆ ಕೂತು, ಒಂದೊಂದೇ ಎಸಳಿಗೂ ಸುಣ್ಣ ಮುಟ್ಟಿಸಿ, ಕೆಂಪಾಗಿದ್ದು ಈ ಕಡೆ, ಆಗದೇ ಇರೋದು ಆ ಕಡೆ ಅಂತ ಆರಿಸೋಕೆ ಶುರು ಮಾಡಿದ್ರು. ಆ ಖುಷಿ ನೋಡ್ಬೇಕಿತ್ತು ನೀವು! ತಿಂಗಳುಗಟ್ಟಲೆ ಕೈಗೆ ಸಿಗದೇ ಇದ್ದಿದ್ದು ಯಾರದೋ ಎಲೆಅಡಿಕೆ ಹೆಬ್ಬೆಟ್ಟಲ್ಲಿ ಸಿಕ್ತು.

ಕಾಂತಮ್ಮನೋರು ಮಾತ್ರ ನಗ್ತಿರಲಿಲ್ಲ. ಕೆಂಪು ರಾಶಿಯಿಂದ ಒಂದು ಎತ್ತಿ ಮೂಸಿದ್ರು, ಇನ್ನೊಂದು ರಾಶಿಯಿಂದ ಒಂದು ಎತ್ತಿ ಮೂಸಿದ್ರು.

"ಅಲ್ಲ ಕಣಮ್ಮ. ಇದು ತರಗೆಲೆ ಇದ್ದಂಗೈತೆ, ಇದು ಗಮ್ ಅಂತೈತೆ. ಮೂಸಿದ್ರೆ ಗೊತ್ತಾಯ್ತದಲ್ಲ. ಅದ್ಯಾಕೆ ಸುಣ್ಣ ಹಚ್ಕೊಂಡು ಕುಂತಿದೀಯ?"

 ದೇವರಾಜ್ ಅಂಕಲ್ ಬಾಗಿಲಲ್ಲಿ ನಿಂತಿದ್ದೋರು ಏನೋ ಹೇಳೋಕೆ ಬಾಯಿ ತೆಗೆದ್ರು. ಮಿಸ್ ಕೈ ಎತ್ತಿ ತಡೆದ್ರು.

"ನಂಗೆ ವಾಸನೆ ಬರಲ್ಲ ಕಾಂತಮ್ಮನೋರೆ. ಜ್ವರ ಬಂದು ಹೋದ್ಮೇಲೆ ಮೂಗು ಕೆಲಸ ಮಾಡ್ತಿಲ್ಲ. ನಿಮ್ಮ ತಮ್ಮನಿಗೆ ಹೇಳಿಲ್ಲ. ನೀವು ಹೇಳ್ಬೇಕು ಅಂದ್ರೆ ಹೇಳಿ."

ಕಾಂತಮ್ಮನೋರು ಎದ್ದು ಹೋಗಿ ಕಾಂಪೌಂಡ್ ಮೂಲೇಲಿ ಎಲೆಅಡಿಕೆ ಉಗಿದು ಬಂದ್ರು. ಮಿಸ್ ಮುಖಾನೇ ನೋಡಿದ್ರು.

"ಮೂಗಿಲ್ದೋಳ ಕೈಗೆ ಮದ್ವೆ ಪಾನಕ ಕೊಟ್ಟವ್ನಲ್ಲ, ನಮ್ ದೇವೀರ ಬುದ್ಧಿ ಎಲ್ಲಿಟ್ಟವ್ನೋ" ಅಂದ್ರು. ಬ್ಯಾಗ್ ಎತ್ಕೊಂಡು ಹೊರಟೇಬಿಟ್ರು.

ಆ ದಿನ ಪೂರ್ತಿ ಮಿಸ್ ದೇವೀರಪ್ಪನೋರ ಫೋನ್ ಬರುತ್ತೆ ಅಂತ ಕಾಯ್ತಾ ಇದ್ರು. ಬರ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ಅದೇ ಟೆಂಪೋ ಬಂತು, ಅದೇ ಕಾಂತಮ್ಮನೋರು ಇಳಿದ್ರು. ಈ ಸಲ ಅಂಗಳದಲ್ಲಿ ಕೂರ್ಲಿಲ್ಲ, ಬಾಗಿಲ ಹೊಸ್ತಿಲ ಹತ್ರ ಕುರ್ಚಿ ಹಾಕಿಸ್ಕೊಂಡ್ರು.

"ದೇವೀರಂಗೆ ಹೇಳಿಲ್ಲ. ನೀನು ಸುಳ್ಳು ಹೇಳ್ಬೋದಿತ್ತು, ನೆಗಡಿ ಅಂದಿದ್ರೆ ನಾನು ನಂಬ್ತಿದ್ದೆ. ಹೇಳ್ಲಿಲ್ಲ. ತತ್ತಾ, ಏನ್ ಮೂಸ್ಬೇಕು ಹೇಳು. ನಂದು ಮೂಗು ಸರಿಯಾಗೈತೆ."

ಹಿಂಗೆ ಶುರು ಆಗಿದ್ದು. ಮದುವೆಗೆ ಮುಂಚೆ ದಿನ ಬಿಟ್ಟು ದಿನ ಬಂದ್ರು ನೋಡಿ ಕಾಂತಮ್ಮನೋರು. ಮೂಸಿ ಹೇಳೋ ಸ್ಟೈಲೇ ಬೇರೆ. ಜಾಯಿಕಾಯಿಗೆ "ಬಾಣಂತಿ ಕೋಣೆ ವಾಸ್ನೆ" ಅನ್ನೋರು, ಲವಂಗಕ್ಕೆ "ಹಲ್ನೋವು", ಲಂಕಾ ಚಕ್ಕೆಗೆ "ಹೊಸ ಸೀರೆ ಟ್ರಂಕ್ ತೆಗ್ದಂಗೆ". ಮಿಸ್ ಕಣ್ಣು ಮುಚ್ಚಿ ಕೇಳಿಸ್ಕೊಂಡು, "ಬಾಣಂತಿ ಕೋಣೆ ಮೊದಲು ಬರುತ್ತಾ, ಹಲ್ನೋವು ಮೊದಲು ಬರುತ್ತಾ?" ಅಂತ ಕೇಳೋರು.

"ಹಲ್ನೋವು ಮುಂದೈತೆ."

"ಹಂಗಾದ್ರೆ ಲವಂಗ ಕಮ್ಮಿ ಮಾಡ್ತೀನಿ."

ಅವ್ರ ಬಾಯಲ್ಲಿ ಇವ್ರ ಮೂಗಿತ್ತು ಅನ್ನಿ! ಆದ್ರೆ ಒಂದು ಕಷ್ಟ ಬಂತು. ಬಿಸಿ ನೀರಲ್ಲಿ ನೆನೆದಾಗ ಒಂದು ಘಮ, ತಣ್ಣಗಾಗಿ ಎಳನೀರು ಬೆಲ್ಲ ಸೇರಿದ್ಮೇಲೆ ಇನ್ನೊಂದು. ಮೂಸಿದ್ರೆ ಸಾಕಾಗಲ್ಲ, ಕುಡಿದೇ ಹೇಳ್ಬೇಕು. ಮಿಸ್ ಸ್ಟೀಲ್ ಲೋಟಕ್ಕೆ ಹಾಕಿ, ಕೈಲಿ ಹಿಡ್ಕೊಂಡು ಸುಮ್ನೆ ನಿಂತ್ರು. ಕುಡೀರಿ ಅನ್ಲಿಲ್ಲ.

ಕಾಂತಮ್ಮನೋರು ಲೋಟ ನೋಡಿದ್ರು, ಹೊಸ್ತಿಲು ನೋಡಿದ್ರು, ಗೇಟ್ ಆಚೆ ಬೀದಿ ನೋಡಿದ್ರು. "ಎತ್ತಿ ಕುಡೀತೀನಿ" ಅಂದ್ರು. ಅಂದ್ರೆ ತುಟಿ ತಾಗಿಸದೆ ಮೇಲಿಂದ ಬಾಯಿಗೆ ಸುರ್ಕೊಳೋದು. ಲೋಟ ಎತ್ತಿ ಸುರ್ಕೊಂಡ್ರು, ಅರ್ಧ ಬಾಯಿಗೆ, ಅರ್ಧ ಸೀರೆಗೆ.

"ಹೆಂಗಿದೆ?"

"ತಣ್ಣಗೈತೆ. ಸೀ ಐತೆ."

"ಘಮ?"

"ಎಲ್ಲಿ ಗೊತ್ತಾಯ್ತದೆ, ಗಟಗಟ ಇಳ್ದೋಯ್ತು."

"ಎತ್ತಿ ಕುಡಿದ್ರೆ ನಾಲಿಗೆ ಮೇಲೆ ನಿಲ್ಲಲ್ಲ ಕಾಂತಮ್ಮನೋರೆ. ಸೀದಾ ಗಂಟಲಿಗೆ ಹೋಗುತ್ತೆ. ಘಮ ಬರ್ಬೇಕು ಅಂದ್ರೆ ಮೂಗು ಲೋಟದೊಳಗೆ ಇರ್ಬೇಕು, ತುಟಿಗೆ ಕಚ್ಚಿ ನಿಧಾನಕ್ಕೆ ಕುಡೀಬೇಕು." ಮಿಸ್ ಇದನ್ನ ಪಾಠ ಹೇಳೋ ಹಂಗೇ ಹೇಳಿದ್ರು. ಕೊನೆಗೆ ಮಾತ್ರ ದನಿ ಸಣ್ಣದಾಯ್ತು. "ಬೇಡ ಅಂದ್ರೆ ಬಿಡಿ. ನಿಮ್ಮನೆಯಿಂದ ಲೋಟ ತನ್ನಿ, ಅದ್ರಲ್ಲಿ ಹಾಕ್ಕೊಡ್ತೀನಿ."

ಕಾಂತಮ್ಮನೋರು ಎರಡನೇ ಸಲ ಎತ್ತಿದ್ರು. ಈ ಸಲ ಮೂಗಿಗೇ ಹೋಗಿ, ಕೆಮ್ಮಿ, ಕಣ್ಣಲ್ಲಿ ನೀರು ಬಂತು. ದೇವರಾಜ್ ಅಂಕಲ್ ಒಳಗಡೆಯಿಂದ, "ಮೂಗಿಗೆ ಹೋಯ್ತಲ್ಲ, ಈಗ ಘಮ ಗೊತ್ತಾಗಿರ್ಬೇಕು" ಅಂದ್ರು. ನಾನು ನಗು ತಡಿಯೋಕೆ ಆಗ್ದೆ ಆ ಕಡೆ ತಿರುಗಿದೆ.

"ನಗ್ರೋ ನಗ್ರಿ. ಹಾಳಾಗೋಗ್ಲಿ ಅತ್ಲಾಗೆ!" ಅಂತ ಕಾಂತಮ್ಮನೋರು ಮಿಸ್ ಕೈಯಿಂದ ಇನ್ನೊಂದು ಲೋಟ ಇಸ್ಕೊಂಡು, ತುಟಿಗೆ ಕಚ್ಚಿ, ಕಣ್ಣು ಮುಚ್ಚಿ, ಒಂದು ಗುಟುಕು ಕುಡಿದ್ರು. ಇನ್ನೊಂದು ಗುಟುಕು. ಲೋಟ ಬಾಯಿಂದ ತೆಗೀಲೇ ಇಲ್ಲ. ಪೂರ್ತಿ ಕುಡಿದು ತಳ ನೋಡಿದ್ರು.

"ಏನ್ ಬಂತು?" ಅಂತ ಮಿಸ್ ಕೇಳಿದ್ರೆ, ಉತ್ತರ ಕೊಡೋದು ಬಿಟ್ಟು "ಇನ್ನೊಸಿ ಹಾಕು, ಹೇಳ್ತೀನಿ" ಅಂದ್ರು.

ಮದುವೆ ದಿನ ಛತ್ರದ ಹಿಂದೆ, ಅಡುಗೆ ಮನೆ ಪಕ್ಕ, ಮಿಸ್‌ಗೆ ಒಂದು ಜಾಗ ಮಾಡಿಕೊಟ್ಟಿದ್ರು. ಬೆಳಿಗ್ಗೆ ಎಲ್ಲ ಸರಿಯಾಗೇ ಇತ್ತು. ಮಸಾಲೆ ಗಂಟು ಬಿಸಿನೀರಿಗೆ ಬಿಟ್ಟು ಟವೆಲ್ ಹೊದಿಸಿ, ಮಿಸ್ ಎಳನೀರು ನೋಡೋಕೆ ಹೋದ್ರು. ಆ ಗ್ಯಾಪಲ್ಲಿ ಅಡುಗೆ ಹುಡುಗ್ರು ಇದು ಕಷಾಯ ಇರ್ಬೇಕು, ಆರಿಹೋಗ್ತಿದೆ ಅಂತ ಆ ಹಂಡೇನ ಎತ್ತಿ ಉರಿಯೋ ಒಲೆ ಮೇಲಿಟ್ಟುಬಿಟ್ಟಿದ್ರು! ಮಿಸ್ ಬರೋ ಹೊತ್ತಿಗೆ ಕೊತಕೊತ ಕುದೀತಾ ಇದೆ. ಇಳಿಸಿದ್ರು, ಗಂಟು ತೆಗೆದ್ರು, ತಣ್ಣಗೆ ಮಾಡಿ ಎಳನೀರು ಬೆಲ್ಲ ಬೆರೆಸಿ ಒಂದು ಗುಟುಕು ನಾಲಿಗೆ ಮೇಲೆ ಇಟ್ಕೊಂಡ್ರು.

"ನಾಲಿಗೆ ಜೋಮು ಹಿಡೀತಿದೆ ಹೇಮಾ. ಲವಂಗ ಬಿಟ್ಕೊಂಡಿದೆ. ಎಷ್ಟು ಅಂತ ನಂಗೆ ಗೊತ್ತಾಗ್ತಿಲ್ಲ."

ಹೊರಗೆ ವಾಲಗ ಶುರು ಆಯ್ತು. ಬೀಗರ ಬಸ್ಸು ಬಂದು ನಿಂತಿದೆ. ನಾನು ಕುಡಿದು ನೋಡಿದೆ, ನಂಗೆ ಚೆನ್ನಾಗೇ ಅನ್ನಿಸ್ತು, ಯಾವುದನ್ನ ಎಷ್ಟು ಹಾಕ್ಬೇಕು ಅಂತ ನಂಗೇನು ಗೊತ್ತಾಗುತ್ತೆ? ಕಾಂತಮ್ಮನೋರು ಬೇಕು. ಅವ್ರೋ ಹಾಲ್‌ನಲ್ಲಿ ಮುಂದಿನ ಸಾಲಲ್ಲಿ, ರೇಷ್ಮೆ ಸೀರೆ ಉಟ್ಕೊಂಡು, ಆಗ ತಾನೆ ಬಂದು ಕೂತ ಗಂಡಿನ ಕಡೆ ಹೆಂಗಸರ ಮಧ್ಯೆ ಕೂತಿದಾರೆ. "ಕರ್ಕೊಂಡು ಬರ್ಲಾ ಮಿಸ್?" ಅಂದೆ. ಮಿಸ್ "ಬೀಗರನ್ನ ಬಿಟ್ಟು ಎದ್ದು ಬರೋಕಾಗಲ್ಲ ಅವ್ರಿಗೆ" ಅಂತ ಲೋಟಕ್ಕೆ ಪಾನಕ ಹಾಕ್ಕೊಂಡು, ಸೀರೆ ಸೆರಗು ಸಿಗಿಸ್ಕೊಂಡು, ಅವ್ರೇ ಹಾಲ್ ಒಳಗೆ ನಡೆದ್ರು.

ಎಲ್ರೂ ನೋಡ್ತಿದ್ರು. ಮಿಸ್ ಕಾಂತಮ್ಮನೋರ ಮುಂದೆ ನಿಂತು ಲೋಟ ಚಾಚಿದ್ರು.

"ಕುದ್ದುಹೋಗಿದೆ ಅಮ್ಮ. ಏನಾಗಿದೆ ಹೇಳಿ."

ಕಾಂತಮ್ಮನೋರು ಆ ಕಡೆ ಈ ಕಡೆ ಕೂತಿರೋ ಬೀಗರ ಕಡೆ ಹೆಂಗಸರನ್ನ ನೋಡಿದ್ರು. ಲೋಟ ಇಸ್ಕೊಂಡ್ರು. ಎತ್ತಲಿಲ್ಲ. ತುಟಿಗೆ ಕಚ್ಚಿ, ಮೂಗು ಲೋಟದೊಳಗೆ ಇಟ್ಟು, ಕಣ್ಣು ಮುಚ್ಚಿ, ನಿಧಾನಕ್ಕೆ ಕುಡಿದ್ರು.

"ಹಲ್ನೋವು ಕಣಮ್ಮ. ಬರೀ ಹಲ್ನೋವು. ಸೀರೆ ಟ್ರಂಕೂ ಇಲ್ಲ, ಬಾಣಂತೀನೂ ಇಲ್ಲ. ಎಳನೀರು ಸುರಿ, ಬೆಲ್ಲ ಹಾಕು. ಚಕ್ಕೆ ಕೈಯಲ್ಲಿ ಪುಡಿ ಮಾಡಿ ಮೇಲಕ್ಕೆ ಬಿಡು. ನಿಂಬೆ ಮುಟ್ಬ್ಯಾಡ."

"ಜಾಯಿಕಾಯಿ?"

"ಸಾಣೆಕಲ್ಲಿಗೆ ಮುಟ್ಸು ಸಾಕು. ಜಾಸ್ತಿ ಆದ್ರೆ ಬೀಗರೆಲ್ಲ ಇಲ್ಲೇ ಮಲಿಕ್ಕೊಂಡಾರು."

ಬೀಗರ ಕಡೆ ಹೆಂಗಸು ಒಬ್ರು ಪಿಸುಪಿಸು ಅಂತ, "ಯಾರು ಅವ್ರು? ಯಾವ ಮನೆಯೋರು?" ಅಂದ್ರು.

"ನಮ್ಮ ಶಿಲ್ಪನ ಟೀಚ್ರು. ಬುದ್ಧನ್ನ ಪೂಜೆ ಮಾಡೋ ಮನೆಯೋರು. ಪಾನಕ ಅವ್ರದ್ದೇ" ಅಂದ್ರು ಕಾಂತಮ್ಮನೋರು, ಪಿಸುಪಿಸು ಅಲ್ಲ, ವಾಲಗದೋರಿಗೂ ಕೇಳೋ ಹಂಗೆ. "ಈಗ ಬತ್ತದೆ, ಕುಡೀರಿ. ನಾನು ಕುಡಿಲಿಲ್ವಾ?"

ಛತ್ರದ ಹಿಂದೆ ಎಳನೀರು ಸಾಲಲ್ಲ ಅಂತ ಗೊತ್ತಾಗಿ ದೇವೀರಪ್ಪನೋರೇ ಓಡಿ ಬಂದ್ರು. ಮಗಳ ಮದುವೆ ರೇಷ್ಮೆ ಪಂಚೆ ಎತ್ತಿ ಕಟ್ಟಿ, ಮಚ್ಚು ಹಿಡಿದು ಎಳನೀರು ಕೆತ್ತೋಕೆ ನಿಂತ್ರು. "ಅಪ್ಪಾಜಿ, ಮುಹೂರ್ತ!" ಅಂತ ಯಾರೋ ಕೂಗಿದ್ರೆ, "ಪಾನಕ ಆಗ್ದೆ ಮಗಳು ಮಂಟಪಕ್ಕೇ ಬರಲ್ಲ ಕಣ್ಲಾ, ನಿಂಗೇನ್ ಗೊತ್ತು" ಅಂದ್ರು. ಮಿಸ್ ಚಕ್ಕೇನ ಅಂಗೈಯಲ್ಲಿ ಉಜ್ಜಿ ಉಜ್ಜಿ ಬಿಟ್ರು. ಸಾಣೆಕಲ್ಲಿಗೆ ಜಾಯಿಕಾಯಿ ಮುಟ್ಟಿಸಿ ಬೆರಳಲ್ಲಿ ತೆಗೆದು ಬೆರೆಸಿದ್ರು. ಎಷ್ಟೇ ಗಡಿಬಿಡಿ ಇದ್ರೂ ಅಳತೆ ತಪ್ಪಲಿಲ್ಲ.

ಮೊದಲ್ನೇ ಲೋಟಗಳು ಹೋದ್ವು. ನಾನು ಬಾಗಿಲ ಸಂದೀಲಿ ನಿಂತು ನೋಡ್ತಾ ಇದ್ದೆ. ಆ ಪಿಸುಪಿಸು ಮಾಡಿದ ಹೆಂಗಸು ಲೋಟ ಎತ್ತಿ ಕುಡಿಯೋಕೆ ಹೋದ್ರು, ಕಾಂತಮ್ಮನೋರು ಅವ್ರ ಮೊಣಕೈ ಹಿಡಿದು ಕೆಳಗೆ ಎಳೆದ್ರು. "ಎತ್ತಿ ಕುಡಿದ್ರೆ ಏನೂ ಗೊತ್ತಾಗಕ್ಕಿಲ್ಲ ಕಣಮ್ಮ. ಕಚ್ಚಿ ಕುಡಿ, ನಿಧಾನಕ್ಕೆ." ಅವ್ರು ಕುಡಿದ್ರು. ಆಮೇಲೆ ಖಾಲಿ ಲೋಟ ಮುಂದೆ ಮಾಡಿದ್ರು. ಊಟದ ಎರಡನೇ ಪಂಕ್ತಿಗೆ ಮುಂಚೇನೇ ಹಂಡೆ ತಳ ಕಾಣಿಸ್ತು.

ಎಲ್ಲ ಮುಗಿದ್ಮೇಲೆ ಮಿಸ್ ಹಂಡೆ ಪಕ್ಕ ಕಲ್ಲಿನ ಮೇಲೆ ಕೂತಿದ್ರು. ಬೆವರು, ತಲೇಲಿ ಚಕ್ಕೆ ಪುಡಿ. ಶಿಲ್ಪಾ ಮದುಮಗಳ ಡ್ರೆಸ್ಸಲ್ಲೇ ಬಂದು ತಬ್ಕೊಂಡು ಹೋದ್ಳು. ಕಾಂತಮ್ಮನೋರು ಬಂದು ಪಕ್ಕದಲ್ಲೇ ಕೂತ್ರು, ಕಾಲು ನೀಡಿ.

"ಎಲ್ರೂ ಚೆನ್ನಾಗಿತ್ತು ಅಂತಾರೆ, ಎಲ್ರೂ ಹಂಗೇ ಅನ್ನೋದು ಮದ್ವೇಲಿ" ಅಂದ್ರು ಮಿಸ್. "ನೀವು ನಿಜ ಹೇಳಿ ಅಮ್ಮ. ಹೆಂಗಿತ್ತು?"

ಕಾಂತಮ್ಮನೋರು ಯೋಚನೆ ಮಾಡಿದ್ರು.

"ಲವಂಗ ಒಸಿ ಜಾಸ್ತಿನೇ ಇತ್ತು."

ಫೆಬ್ರವರಿಯಿಂದ ಈ ಕಡೆ ಮಿಸ್ ಅಷ್ಟು ಜೋರಾಗಿ ನಕ್ಕಿದ್ದು ನಾನು ನೋಡೇ ಇರ್ಲಿಲ್ಲ. "ಒಸಿ ಅಂದ್ರೆ ಎಷ್ಟು? ಕುಡಿದಾಗ್ಲೇ ಬಂತಾ, ನುಂಗಿದ್ಮೇಲೆ ಬಂತಾ?" ಅಂತ ಕೇಳೋಕೆ ಶುರು ಮಾಡಿದ್ರು. ಕಾಂತಮ್ಮನೋರು ನುಂಗಿದ್ಮೇಲೆ ಅಂದ್ರು, ಆಮೇಲೆ ಇಲ್ಲ ಇಲ್ಲ ಮುಂಚೇನೇ ಅಂದ್ರು. ಛತ್ರದೋರು ಬಂದು ಹಂಡೆ ತೊಳೀಬೇಕು, ಎದ್ದೇಳ್ರಮ್ಮಾ ಅಂದ್ರೂ ಇಬ್ರೂ ಎದ್ದೇಳ್ಲಿಲ್ಲ.